ಹತ್ತೊಂಬತ್ತನೇ ಇಲಿ

"ಹತ್ತೊಂಬತ್ತು," ಅಕ್ಕನ ಕೈಯಲ್ಲಿದ್ದ ಇಲಿಯ ಕಿವಿಯ ಬಿಲ್ಲೆ ಓದಿ ಮೇಡಂ ಪುಸ್ತಕ ನೋಡಿದರು. "ಹೆಣ್ಣು. ಬಿಟ್ಟುಬಿಡಿ ಅಕ್ಕ."

ಅಕ್ಕ ಬಿಡಲಿಲ್ಲ. ಬೆಳಗಿನ ಮಂಜು ಹುಲ್ಲುಬಯಲನ್ನು ಹಾಲಿನಂತೆ ತುಂಬಿಕೊಂಡಿತ್ತು. ಬೋನು, ಪೊದೆ, ತನ್ನದೇ ಪಾದ ಎಲ್ಲವೂ ಎಲ್ಲೋ ತೇಲುತ್ತಿದ್ದವು. ಅಂಗೈಯಲ್ಲಿ ಬಡಿದುಕೊಳ್ಳುತ್ತಿದ್ದ ಆ ಪುಟ್ಟ ಎದೆಯೊಂದೇ ನಿಜ. ಅದರ ಹೊಟ್ಟೆಯ ಕೆಳಗೆ ಸುಮ್ಮನೆ ಹೆಬ್ಬೆರಳು ಆಡಿಸಿದವಳು ಮತ್ತೊಮ್ಮೆ ಆಡಿಸಿ ನೋಡಿದಳು. ಹೆಣ್ಣಿಗೆ ಇರಬಾರದ್ದು ಅಲ್ಲಿತ್ತು.

ಮೂರು ವರ್ಷದಿಂದ ಇಬ್ಬರದೂ ಇದೇ ಕೆಲಸ. ಬೋನಿನಲ್ಲಿ ಹೊಸ ಇಲಿ ಸಿಕ್ಕರೆ ಅಕ್ಕ ಗಂಡೋ ಹೆಣ್ಣೋ ಹೇಳಬೇಕು, ಮೇಡಂ ಅದರ ಕಿವಿಗೆ ಅಂಕಿಯ ಬಿಲ್ಲೆ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಗಂಡಾದರೆ ಮೇಡಂ ಅದರ ಬಾಯಿಗೆ ಹುಳದ ಔಷಧಿ ಒಂದು ತೊಟ್ಟು ಬಿಡಬೇಕು. ಬಯಲೆಲ್ಲ ಅಲೆದು ಹೊಟ್ಟೆಹುಳ ಹರಡುವವು ಗಂಡುಗಳು, ಅವು ಗುಣವಾದರೆ ಹೆಣ್ಣುಗಳೂ ತಾವಾಗಿ ಗುಣವಾಗುತ್ತವೆ ಎಂಬುದು ಸಂಶೋಧನೆಗೆಂದು ಬಂದ ಮೇಡಂ ವಾದ. "ಅದಕ್ಕೆ ಇಷ್ಟೆಲ್ಲ ಓದಬೇಕಿತ್ತಾ? ನಮ್ಮ ಯಜಮಾನ್ರನ್ನ ನೋಡಿದ್ರೆ ಸಾಕಿತ್ತು," ಎಂದು ಅಕ್ಕ ನಗಾಡಿದ್ದಳು. ಆದರೆ ಹುಳ ಮಾತ್ರ ಇಳಿಯಲೊಲ್ಲದು. ಈ ವಾರವೂ ಇಳಿಯದಿದ್ದರೆ ವಾದವೇ ಸುಳ್ಳೆಂದು ಬರೆದು ಕೆಲಸ ಮುಚ್ಚಬೇಕು.

ಮರಿಯಾಗಿದ್ದಾಗ ಇದನ್ನು ಹೆಣ್ಣೆಂದವಳು ಅಕ್ಕನೇ. ಕಣ್ಣಿಗೆ ಪೊರೆ ಯಾವಾಗ ಬಂತೋ ಅವಳಿಗೇ ತಿಳಿದಿರಲಿಲ್ಲ. ತಿಳಿದ ಮೇಲೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಈ ಮಂಜು, ಅಂಗೈ ಬೆಚ್ಚಗಾಗಿಸುವ ಈ ಜೀವಗಳು, ಎಲ್ಲವೂ ಹೋಗುತ್ತವೆ. ಬೆರಳು ಸಡಿಲಿಸಿದರೆ ಸಾಕು, ಹುಲ್ಲು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಅಕ್ಕನಿಗೆ ಆಸೆಯಾಯಿತು, ತುಂಬಾ ಆಸೆಯಾಯಿತು.

"ಇದು ಗಂಡು, ಮೇಡಂ," ಎಂದಳು. "ನಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

ಮೇಡಂ ಪುಟ ತಿರುವಿದರು. ಹತ್ತೊಂಬತ್ತನೆಯದು ಈವರೆಗೆ ಸಿಕ್ಕ ಜಾಗಗಳು: ಕಾಲುವೆ ಬದಿ, ಬೇಲಿ ಬದಿ, ಕಲ್ಲುಗುಡ್ಡೆ, ಬಯಲಿನ ಆಚೆ ತುದಿ. ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಮೇಡಂ ಮುಖ ಅರಳಿತು.

"ಹಾಗಾದ್ರೆ ಹರಡ್ತಿದ್ದವನು ಇವನೇ! ನಾನು ಹೇಳಿದ್ದು ಸುಳ್ಳಲ್ಲ ಅಕ್ಕ!"

ಔಷಧಿ ಬಾಯಿಗೆ ಬಿತ್ತು, ಇಲಿ ಮಂಜಿನೊಳಗೆ ಹಾರಿತು. ಅದು ಹೋದ ದಿಕ್ಕನ್ನೇ ನೋಡುತ್ತಿದ್ದ ಮೇಡಂ ಮೆಲ್ಲಗೆ ಕೇಳಿದರು: "ಇಂಥವು ಇನ್ನೆಷ್ಟಿವೆ?"

"ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ವಾ ತಾಯಿ? ಕಾಣದೇ ಹೋದದ್ದನ್ನ ನಾನು ಹೇಗೆ ಎಣಿಸ್ಲಿ?"

ಮೇಡಂ ಪುಸ್ತಕದ ಮೊದಲ ಪುಟಕ್ಕೆ ಹೋದರು. 'ಹೆಣ್ಣು' ಎಂದಿದ್ದ ಕಡೆಯೆಲ್ಲ ಒಂದೊಂದು ಪ್ರಶ್ನೆಚಿಹ್ನೆ ಹಾಕತೊಡಗಿದರು.

"ಮುಂದಿನ ಬೋನು ತೆಗೀರಿ," ಎಂದರು ಕೊನೆಗೆ, ತಲೆ ಎತ್ತದೆ.

ಅಕ್ಕ ಕಣ್ಣು ಮುಚ್ಚಿಕೊಂಡು ಬೋನಿನೊಳಗೆ ಕೈ ಹಾಕಿದಳು.