ಸೀಸದ ಕಾಯಿ

ಮೆಟಲ್ ಡಿಟೆಕ್ಟರ್ ಕಿರುಚಿತು. ಲಯೊನೆಲ್ ಮಂಡಿಯೂರಿ ಅಗೆದು ತೆಗೆದದ್ದು ಮತ್ತೆ ಸೀಸದ ಉಂಡೆ. "ಥೂ! ವರ್ಷಗಟ್ಟಲೆ ಈ ಹೊಲ ಸುತ್ತಿದ್ದೀನಿ. ಒಂದು ಬೆಳ್ಳಿ ನಾಣ್ಯ ಇಲ್ಲ, ಬರೀ ಈ ದರಿದ್ರ ಸೀಸ!" ಎಂದು ಅದನ್ನು ಚೀಲಕ್ಕೆ ಎಸೆದ.

ಹೆಂಡತಿ ಬೆರಿಲ್ ಅದನ್ನು ಹೊರತೆಗೆದು ಹೆಬ್ಬೆರಳಿನಿಂದ ಮಣ್ಣು ಒರೆಸಿದಳು. ತಲೆ ಗುಂಡಗೆ, ಬುಡ ಚಪ್ಪಟೆ, ಒಳಗೆ ಪೊಳ್ಳು. "ತಡಿ ಮಾರಾಯ, ಇದನ್ನ ಯಾರೋ ಮನಸ್ಸಿಟ್ಟು ಮಾಡಿದ್ದಾರೆ" ಎಂದು, ಬೇಲಿಯ ಬಳಿ ಚಹಾ ಕುಡಿಯುತ್ತಿದ್ದ ಮ್ಯೂಸಿಯಮ್ಮಿನ ಟಾಮ್ಸಿನ್ ಕೈಗೆ ಕೊಟ್ಟಳು.

ಟಾಮ್ಸಿನ್ ಲೋಟ ಕೆಳಗಿಟ್ಟಳು. "ಅಯ್ಯೋ, ಇದು ಕಡಲು ದಾಟಿ ದಂಡೆತ್ತಿ ಬಂದ ವೈಕಿಂಗರ ಕಾಯಿ, ಚದುರಂಗದಂಥ ಆಟದ್ದು! ಸಾವಿರ ವರ್ಷಕ್ಕೂ ಹಿಂದೆ ಅವರ ದಂಡು ಇದೇ ಹೊಳೆದಂಡೇಲಿ ಚಳಿಗಾಲ ಕಳೀತಲ್ಲ, ಆಗ ಕೂತು ಆಡಿದ್ದು. ಬೆಳ್ಳಿ ನಾಣ್ಯ ನಮ್ಮಲ್ಲಿ ಬೇಕಾದಷ್ಟಿವೆ, ಇಂಥದ್ದು ಅಪರೂಪ. ಲಯೊನೆಲ್, ನಿಮಗೆ ಈ ಮೊದಲು ಸಿಕ್ಕಿರಲಿಲ್ವಾ?"

ಲಯೊನೆಲ್ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದು, ಕೆಳಗೆ ಹರಿಯುತ್ತಿದ್ದ ಟ್ರೆಂಟ್ ಹೊಳೆಯನ್ನೇ ನೋಡುತ್ತ ನಿಂತ.

"ಸಿಕ್ಕಿದ್ವಲ್ಲ, ರಾಶಿ ರಾಶಿ" ಎಂದಳು ಬೆರಿಲ್. "ಎಲ್ಲಾನೂ ಕರಗಿಸಿ, ಗಾಳಕ್ಕೆ ಕಟ್ಟೋ ಗುಂಡು ಮಾಡಿ, ಆ ಹೊಳೇಲಿ ಕಳ್ಕೊಂಡ. ಒಂದು ಮೀನೂ ಬೀಳಲಿಲ್ಲ."