ಅಳತೆಗೆ ಸರಿಯಾದ ಟ್ರೇಲರ್

ರಿಮೋಟಿನಿಂದ ಓಡುವ ಪುಟ್ಟ ಮಿಲಿಟರಿ ಟ್ರಕ್ಕನ್ನು ತಂದಿಟ್ಟು, ಇದಕ್ಕೆ ಫಿರಂಗಿ ಸಾಗಿಸುವ ಟ್ರೇಲರ್ ಮಾಡಿಕೊಡು ಎಂದಿದ್ದ ಮುದುಕ. ಅಂಥದೇ ಟ್ರೇಲರ್ ಇಳಿಜಾರಿನಲ್ಲಿ ಉರುಳಿ ಅವನ ಸೈನಿಕ ಮಗ ಸತ್ತಿದ್ದ. ಮಗ ಟ್ರೇಲರಿನ ಬ್ರೇಕ್ ಎಳೆಯದೆ ಅದನ್ನು ಟ್ರಕ್ಕಿನಿಂದ ಬಿಚ್ಚಿದ್ದೇ ತಪ್ಪು ಎಂದು ವಿಚಾರಣೆಯಲ್ಲಿ ಬರೆದು ಮುಗಿಸಿದ್ದರು.

ಹದಿನೈದು ದಿನ ಕೂತು, ತಗಡು ಕೊಯ್ದು, ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡಿದೆ. ಮುದುಕನ ಎದುರಿಗೇ ಟ್ರೇಲರನ್ನು ಓರೆ ಹಲಗೆಯ ಮೇಲಿಟ್ಟು, ಬ್ರೇಕ್ ಎಳೆದು ಕೈಬಿಟ್ಟೆ. ಕದಲಲಿಲ್ಲ.

"ನೋಡ್ರಿ ಕಾಕಾ, ಎಳದ್ರ ನಿಲ್ಲತೈತಿ."

"ಅವನೂ ಎಳದಿರಬೇಕು."

"ಎಳದಿದ್ರ ಸಾಯ್ತಿದ್ನೇನ್ರಿ? ಎಷ್ಟ್ ಸಲ ಹೇಳೂದು ನಿಮಗ? ಮೈಮರತ, ಸತ್ತ. ಇನ್ನರ ಬಿಡ್ರಿ."

"ಸಿಟ್ಟಾಗಬ್ಯಾಡ ತಮ್ಮಾ. ನೀ ಅವನ ಯೂನಿಟ್‌ನ್ಯಾಗ ಮೆಕ್ಯಾನಿಕ್ ಇದ್ದಾಂವ, ನಿನಗ ತಿಳೀತೈತಿ ಅಂತ ಬಂದೇನಿ."

ಮುದುಕ ಚೀಲಕ್ಕೆ ಕೈ ಹಾಕಿದ.

"ಇದು ಅವನ ಟ್ರಂಕಿನ್ಯಾಗ ಬಂತು. ಯಾರೋ ಗೆಳ್ಯಾ ಅರಿವ್ಯಾಗ ಸುತ್ತಿ ಇಟ್ಟಿದ್ದ. ಏನಿದು, ಹೇಳು."

ಮೊಳದುದ್ದದ ನಿಜವಾದ ಬ್ರೇಕ್ ಹಿಡಿಯೊಂದು ನನ್ನ ಮೇಜಿನ ಮೇಲೆ ಬಿತ್ತು; ಅದರ ಬುಡದಲ್ಲಿ ಬಿಟ್ಟುಹೋಗಿದ್ದ ವೆಲ್ಡಿಂಗ್ ನಾನು ಮಾಡಿದ್ದು.