ಹಲಸಿನ ಸೌಟು

ಮಗಳ ಪೆನ್ಸಿಲ್ ಚೂಪು ಮಾಡುವಾಗ ಬರುವ ಮರದ ವಾಸನೆಗೆ ಈಗಲೂ ಭೀಮನಬೀಡಿನ ನಮ್ಮ ಜಗಲಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಐದನೇ ಕ್ಲಾಸು. ತಾತ ಹಸಿ ಹಲಸಿನ ಕೊಂಬೆಯೊಂದನ್ನು ಸೀಳಿ, ನನ್ನ ಕೈಗೆ ಉಳಿ ಕೊಟ್ಟು ಸೌಟು ಕೆತ್ತುವುದನ್ನು ತೋರಿಸಿದ. ನಾನು ಎಡಚಿ. ಊಟಕ್ಕೆ ಎಡಗೈ ಚಾಚಿದರೆ ಅಜ್ಜಿ ಕೈಮೇಲೆ ಬಾರಿಸುತ್ತಿದ್ದಳು. ತಾತ ಮಾತ್ರ, “ಯಾವ್ ಕೈಲಾದ್ರೂ ಕೆತ್ತು ಕಣಮ್ಮಿ, ಬೆರಳು ಜ್ವಾಪಾನ” ಎಂದ.

ಹಳದಿ ಚಕ್ಕೆಗಳು ಲಂಗದ ತುಂಬ ಉದುರಿದವು. ಸೊನೆ ಬೆರಳಿಗೆ ಅಂಟಿ ಎರಡು ದಿನ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಸೌಟೇನೋ ಆಯಿತು, ಆದರೆ ಅದರ ಬಾಯಿ ಒಂದು ಕಡೆಗೆ ವಾಲಿತ್ತು.

ಅಜ್ಜಿ ಅದರಲ್ಲಿ ಮುದ್ದೆಗೆ ಉಪ್ಸಾರು ಬಿಡಲು ಹೋದಳು. ಸಾರು ತಟ್ಟೆ ಬಿಟ್ಟು ಅವಳ ಕಾಲಿನ ಮೇಲೆ ಬಿತ್ತು.

“ಎಡಚಿ ಕೆತ್ತಿದ್ದು ಇನ್ನೆಂಗಿದ್ದಾತು? ಒಲೆಗಾಕು” ಎಂದು ಸೌಟನ್ನು ಅವ್ವನ ಕೈಗೆ ಕೊಟ್ಟು, ಕಾಲು ತೊಳೆಯಲು ಹಿತ್ತಲಿಗೆ ನಡೆದಳು.

ಅವ್ವ ಸೌಟನ್ನು ತಿರುಗಿಸಿ ನೋಡಿದಳು. ಆಮೇಲೆ ಎಡಗೈಗೆ ಬದಲಾಯಿಸಿಕೊಂಡು, ಸಾರು ಮೊಗೆದು ನನ್ನ ತಟ್ಟೆಗೆ ಬಿಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ, “ಸುಮ್ನೆ ಉಣ್ಣು” ಎಂದಳು.

ಹಿತ್ತಲ ಬಾಗಿಲು ಸದ್ದಾದಾಗ ಸೌಟು ಅವಳ ಬಲಗೈಗೆ ಬಂದಿತ್ತು.

“ಇನ್ನೂ ಒಲೆಗಾಕ್ನಿಲ್ವಾ?”

“ಹಸಿ ಮರ ಕಣತ್ತೆ, ಉರಿಯಕ್ಕಿಲ್ಲ. ಒಣಗ್ಲಿ ಬುಡಿ.”

ಅವ್ವ ಅದನ್ನು ಒಲೆಯ ಪಕ್ಕದ ಗೋಡೆಗೆ ಸಿಕ್ಕಿಸಿದಳು, ತನ್ನ ಎಡಗೈಗೆ ಎಟಕುವ ಕಡೆ.